ಗುರಿ ತಪ್ಪಿದ ಗುಂಡೂ ಕೊಲ್ಲುತ್ತದೆ

ಬೇಟೆಗಾರನ ಗುಂಡು ತಾಗಿದರೆ ಹಕ್ಕಿ ಸಾಯುತ್ತದೆ. ಗುರಿ ತಪ್ಪಿದರೆ ಬದುಕಿಕೊಳ್ಳುತ್ತದೆ. ಇದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ನೀರುಹಕ್ಕಿಗಳ ಮಟ್ಟಿಗೆ ಇದು ಅರ್ಧಸತ್ಯವೆಂಬುದನ್ನು ಅಮೆರಿಕದ ಜವುಗುನೆಲಗಳು ಸುಮಾರು ನೂರು ವರ್ಷಗಳ ಕಾಲ ಸಾರಿ ಹೇಳಿದವು. ಆ ಮಾತು ಮನುಷ್ಯನ ಕಿವಿಗೆ ಬೀಳಲು ಅಷ್ಟೇ ಕಾಲ ಹಿಡಿಯಿತು.

ಹಾರುವ ಹಕ್ಕಿಯನ್ನು ಒಂಟಿ ಗುಂಡಿನಿಂದ ಹೊಡೆಯುವುದು ದುಸ್ಸಾಧ್ಯ. ಆದುದರಿಂದ ಅದಕ್ಕೆ ಬಳಸುವ ತೋಟೆಯಲ್ಲಿ ನೂರು, ಇನ್ನೂರು ಚರೆಗಳನ್ನು ತುಂಬಿರುತ್ತಾರೆ. ಈ ಚರೆಗಳಿಗೆ ಶತಮಾನಗಳಿಂದಲೂ ಸೀಸವೇ ಮೂಲದ್ರವ್ಯ. ಸೀಸ ಅಗ್ಗ, ಮೃದು, ಭಾರ, ಬೇಗ ಕರಗುತ್ತದೆ. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸಗಾರನು ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಬೀಳುತ್ತಿರುವಾಗಲೇ ಹನಿಗಳು ದುಂಡಗಾಗಿ ಗಟ್ಟಿಯಾಗುತ್ತಿದ್ದವು. ಅಂದಿನಿಂದ ಚರೆ ಎಂದರೆ ಸೀಸ, ಸೀಸವೆಂದರೆ ಚರೆ ಎಂಬಂತಾಯಿತು.

ಒಂದು ತೋಟೆಯ ಚರೆಗಳಲ್ಲಿ ಹಕ್ಕಿಯ ಮೈಗೆ ತಾಗುವುವು ಕೆಲವೇ ಕೆಲವು. ಉಳಿದವೆಲ್ಲ ಕೆರೆಯ ತಳಕ್ಕಿಳಿದು ಕೆಸರಿನಲ್ಲಿ ಸೇರುತ್ತವೆ. ಕಥೆ ಆರಂಭವಾಗುವುದು ಇಲ್ಲಿಂದಲೇ. ಹಕ್ಕಿಗೆ ಹಲ್ಲಿಲ್ಲವಷ್ಟೆ; ಕಾಳುಕಡ್ಡಿಗಳನ್ನು ಅರೆಯಲೆಂದು ಅದು ಸಣ್ಣ ಹರಳುಗಳನ್ನು ನುಂಗಿ ತನ್ನ ಬಲಿಷ್ಠವಾದ ಜಠರದಲ್ಲಿ ಇರಿಸಿಕೊಳ್ಳುತ್ತದೆ. ಕೆಸರನ್ನು ಕೆದಕುವ ಬಾತಿಗೆ ಹರಳು ಯಾವುದು, ಚರೆ ಯಾವುದು ಎಂಬ ಭೇದ ತಿಳಿಯುವುದೆಂತು? ನುಂಗಿದ ಚರೆಯನ್ನು ಜಠರ ಅರೆಯುತ್ತದೆ, ಅಲ್ಲಿನ ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಸೇರುತ್ತದೆ. ಮೊದಲು ರೆಕ್ಕೆಗಳು ಜೋಲುಬೀಳುತ್ತವೆ. ಬಳಿಕ ಜಠರದ ಸ್ನಾಯುಗಳೇ ಸ್ತಬ್ಧವಾಗುತ್ತವೆ. ಕೊರಳವರೆಗೆ ಆಹಾರ ತುಂಬಿಕೊಂಡಿದ್ದರೂ ಆ ಪ್ರಾಣಿ ಕೆಲವೇ ವಾರಗಳಲ್ಲಿ ಹಸಿವಿನಿಂದ ಸೊರಗಿ ಸಾಯುತ್ತದೆ. ಇದಕ್ಕಿಂತ ಕ್ರೂರವಾದ ವಿಡಂಬನೆ ಬೇರೆ ಬೇಕೆ?

ಈ ಅನರ್ಥ ಯಾರಿಗೂ ತಿಳಿಯದ ಗುಟ್ಟೇನೂ ಆಗಿರಲಿಲ್ಲ. ಸ್ವತಃ ಬೇಟೆಗಾರನೂ ಪತ್ರಿಕಾ ಸಂಪಾದಕನೂ ಆಗಿದ್ದ ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲಿಯೇ ಇದನ್ನು ಕುರಿತು ಬರೆದಿದ್ದನು. 1919ರಲ್ಲಿ ಅಲೆಗ್ಸಾಂಡರ್ ವೆಟ್ಮೋರ್ ಎಂಬ ಪಕ್ಷಿಶಾಸ್ತ್ರಜ್ಞನು ಬಾತುಗಳಿಗೆ ಚರೆ ನುಂಗಿಸಿ ನೋಡಿ, ಕೆಲವು ಹಕ್ಕಿಗಳಿಗೆ ಒಂದೇ ಚರೆ ಮೃತ್ಯುವಾದೀತೆಂದು ತೋರಿಸಿದನು. 1959ರಲ್ಲಿ ಫ್ರಾಂಕ್ ಬೆಲ್‌ರೋಸ್ ಲೆಕ್ಕ ಹಾಕಿದಾಗ ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿ ನೂರಕ್ಕೆ ಎರಡು ಮೂರು ಪ್ರತಿವರ್ಷವೂ ಈ ವಿಷಕ್ಕೆ ಬಲಿಯಾಗುತ್ತಿದ್ದುವೆಂದು ಕಂಡುಬಂದಿತು. ಎಂದರೆ ಹದಿನೈದು ಲಕ್ಷಕ್ಕೂ ಮೀರಿದ ಜೀವಗಳು! ಆದರೂ ವಾದವಿವಾದಗಳು ಮುಗಿಯಲಿಲ್ಲ. ಕೊನೆಗೆ ವಿಷವುಂಡ ಬಾತುಗಳನ್ನು ತಿಂದು ಆ ದೇಶದ ರಾಷ್ಟ್ರಲಾಂಛನವಾದ ಬಿಳಿತಲೆಯ ಹದ್ದೂ ಸಾಯುತ್ತಿರುವುದು ಸ್ಪಷ್ಟವಾದಾಗ ಸರ್ಕಾರ ಎಚ್ಚತ್ತಿತು. 1987ರಿಂದ ಹಂತಹಂತವಾಗಿ ಜಾರಿಗೆ ಬಂದ ನಿಷೇಧ 1991ರಲ್ಲಿ ದೇಶಕ್ಕೆಲ್ಲ ಅನ್ವಯಿಸಿತು.

ಸೀಸವನ್ನು ಬಿಟ್ಟರೆ ಮತ್ತೇನು? ಮೊದಲು ಬಂದುದು ಉಕ್ಕು. ಅದು ಅಗ್ಗ, ನಿರ್ವಿಷ; ಆದರೆ ಹಗುರ. ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂಗಿಂತ ಹೆಚ್ಚು ತೂಗಿದರೆ ಉಕ್ಕು ತೂಗುವುದು 8 ಗ್ರಾಂಗೂ ಕಡಿಮೆ. ಹಗುರವಾದ ಚರೆಯ ವೇಗ ಗಾಳಿಯಲ್ಲಿ ಬೇಗ ಕುಗ್ಗುತ್ತದೆ. ಅದಕ್ಕಾಗಿ ಒಂದೆರಡು ಅಳತೆ ದಪ್ಪನಾದ ಚರೆಯನ್ನು ಆರಿಸಬೇಕು, ಹಕ್ಕಿ ಹತ್ತಿರ ಬರುವವರೆಗೆ ಕಾಯಬೇಕು. ಉಕ್ಕು ಗಡಸು, ನಳಿಗೆಯನ್ನು ಗೀರದಿರಲೆಂದು ಚರೆಗಳನ್ನು ಬಟ್ಟಲಿನಂಥ ಹೊದಿಕೆಯಲ್ಲಿಟ್ಟು ತುಂಬುತ್ತಾರೆ. ತೆಳು ನಳಿಗೆಯ ಹಳೆಯ ಕೋವಿಗಳಿಗೆ ಬಿಸ್ಮತ್ ಸೂಕ್ತ. ತೂಕದಲ್ಲಿ ಅದು ಸೀಸಕ್ಕೆ ಸಮೀಪ. ಒಡೆಯುವ ಸ್ವಭಾವದ್ದಾದುದರಿಂದ ತವರದೊಡನೆ ಬೆರೆಸುತ್ತಾರೆ. ಟಂಗ್‌ಸ್ಟನ್ ಮಿಶ್ರಣಗಳು ಸೀಸಕ್ಕಿಂತಲೂ ಭಾರವಾಗಬಲ್ಲವು. ಬೆಲೆಯೂ ಅಷ್ಟೇ ಭಾರ! ಸತುವನ್ನೂ ಪರೀಕ್ಷಿಸಿ ನೋಡಿದರು. ಅದೂ ಬಾತುಗಳಿಗೆ ವಿಷವೆಂದು ತಿಳಿದು ಕೈಬಿಟ್ಟರು. ಹೊಸ ಚರೆ ಯಾವುದೇ ಇರಲಿ, ವಿಷಪರೀಕ್ಷೆಯಲ್ಲಿ ತೇರ್ಗಡೆಯಾದ ಹೊರತು ಅಮೆರಿಕದಲ್ಲಿ ನೀರುಹಕ್ಕಿಯ ಬೇಟೆಗೆ ಸಲ್ಲದು.

ಬೇಟೆಗಾರರ ಆಕ್ಷೇಪಣೆಯಲ್ಲಿ ಒಂದಂಶ ಗೌರವಾರ್ಹವಾದುದಾಗಿತ್ತು. ಹಗುರವಾದ ಚರೆಯಿಂದ ಹಕ್ಕಿಗಳು ಸಾಯದೆ ಗಾಯಗೊಂಡು ನರಳಿದರೆ ಅದು ಇನ್ನೂ ದೊಡ್ಡ ಹಿಂಸೆಯಲ್ಲವೆ ಎಂದು ಅವರು ಕೇಳಿದರು. ದೂರದ ಗುರಿಗೆ ಆಸೆಪಡದಿರುವುದೇ ಇದಕ್ಕೆ ಸಿಕ್ಕ ಉತ್ತರ. ಲೋಹ ಬದಲಾದಂತೆ ಅಭ್ಯಾಸವೂ ಬದಲಾಗಬೇಕಾಯಿತು. ಅದರ ಫಲವೇನಾಯಿತು? ಮಿಸಿಸಿಪಿ ಪಥದ ಬಾತುಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, 1997ರ ಒಂದೇ ವರ್ಷದಲ್ಲಿ ಈ ಬದಲಾವಣೆಯಿಂದ ಸುಮಾರು 14 ಲಕ್ಷ ಬಾತುಗಳು ಉಳಿದುವೆಂದು ಅಂದಾಜು ಮಾಡಿತು.

ನೆದರ್‌ಲೆಂಡ್ಸ್ 1993ರಲ್ಲಿ, ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಸಂಪೂರ್ಣವಾಗಿ ನಿಷೇಧಿಸಿದವು. ಡೆನ್ಮಾರ್ಕಿನಲ್ಲಿ ಇಂದಿಗೂ ಬೇಟೆ ನಡೆಯುತ್ತಿದೆ. ಸೀಸ ಹೋದರೆ ಬೇಟೆಯೇ ಹೋಯಿತೆಂಬ ಭೀತಿ ಸುಳ್ಳಾಯಿತು. 2023ರ ಫೆಬ್ರವರಿಯಿಂದ ಐರೋಪ್ಯ ಒಕ್ಕೂಟದ ಜವುಗುಪ್ರದೇಶಗಳಲ್ಲಿಯೂ ಈ ಚರೆಗೆ ಅವಕಾಶವಿಲ್ಲ. ಇದರಲ್ಲಿ ಹಕ್ಕಿಗಳ ಹಿತ ಮಾತ್ರ ಅಡಗಿಲ್ಲ. ಬೇಟೆಯ ಮಾಂಸದಲ್ಲಿ ಉಳಿಯುವ ಸೀಸದ ಸೂಕ್ಷ್ಮ ಚೂರುಗಳು ಬೇಟೆಗಾರನ ಮನೆಯ ಊಟದ ತಟ್ಟೆಗೂ ಬರುತ್ತವೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಅಪಾಯವಿಲ್ಲವೆನ್ನಬಹುದಾದ ಪ್ರಮಾಣವನ್ನು ವೈದ್ಯಶಾಸ್ತ್ರ ಕಂಡಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂಥ ಹಕ್ಕಿಗಳಿಗೆ ರಕ್ಷಣೆ ನೀಡಿದೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಿ ನಲಿಯುವವರು ಒಂದು ಮಾತನ್ನು ನೆನೆಯಬಹುದು. ಕೋವಿಯನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಬೇಟೆ ಮುಗಿಯುವುದಿಲ್ಲ. ಹಾರಿಸಿದವನು ಮರೆತ ಚರೆಯನ್ನು ಕೆರೆಯ ಕೆಸರು ಮರೆಯದೆ ಇಟ್ಟುಕೊಂಡಿರುತ್ತದೆ. ಅದನ್ನು ಹೆಕ್ಕಿ ತಿನ್ನುವುದು ಅಂದು ಇನ್ನೂ ಹುಟ್ಟಿಯೇ ಇರದಿದ್ದ ಹಕ್ಕಿ.