ಸಾಯುವ ನಕ್ಷತ್ರ ಮೆಕ್ಯಾನಿಕಲ್‌ನವರ ಸಬ್ಜೆಕ್ಟೂ ಹೌದು

ಎರ್ಮಾಳ್ ಕಡಲ ಬದಿಗೆ ಹೋದರೆ ನಮಗೆ ಇರುವುದು ಎರಡೇ ಕೆಲಸ: ಸೆಲ್ಫಿ ಮತ್ತು ಚುರುಮುರಿ. ಮುಂದಿನ ಸಲ ಐದು ನಿಮಿಷ ಅಲೆಗಳನ್ನು ನೋಡುವಾ. ಮುಂದೆ ಹೋದ ಅಲೆ ದಡದ ಹತ್ತಿರ ನಿಧಾನವಾಗಿರುತ್ತದೆ. ಹಿಂದಿನಿಂದ ಜೋರಾಗಿ ಬಂದ ಅಲೆ ಅದಕ್ಕೆ ಗುದ್ದುತ್ತದೆ. ಗುದ್ದಿದಲ್ಲಿ ನೀರು ರಾಶಿಯಾಗಿ ನೊರೆಯ ಗೆರೆ ಏಳುತ್ತದೆ.

ಸೂರ್ಯನಂಥ ನಕ್ಷತ್ರ ಸಾಯುವಾಗ ಆಗುವುದೂ ಹೆಚ್ಚುಕಮ್ಮಿ ಇದೇ. ಕೆಂಪು ದೈತ್ಯವಾಗಿ ಉಬ್ಬಿದ ನಕ್ಷತ್ರದ ಹೊರಪದರ ಸೆಕೆಂಡಿಗೆ ಸುಮಾರು 10-20 ಕಿ.ಮೀ. ವೇಗದಲ್ಲಿ ಸೋರಿ ಹೋಗುತ್ತದೆ. ಕೊನೆಗೆ ಬಿಸಿ ತಿರುಳು ಬಯಲಾಗುತ್ತದೆ. ಅಲ್ಲಿಂದ ಹೊರಡುವ ಗಾಳಿಯಲ್ಲಿ ದ್ರವ್ಯ ಕಡಿಮೆ, ಆದರೆ ವೇಗ ಸೆಕೆಂಡಿಗೆ 1000 ಕಿ.ಮೀ. ದಾಟುವುದುಂಟು. ಅದು ಹಳೆಯ ಗಾಳಿಯನ್ನು ಗುಡಿಸಿ ಚಿಪ್ಪಿನಂತೆ ಒತ್ತುತ್ತದೆ. ತಿರುಳಿನ ನೇರಳಾತೀತ ಬೆಳಕು ಬಿದ್ದು ಚಿಪ್ಪು ಹೊಳೆಯುತ್ತದೆ. ಇದೇ ಗ್ರಹ ನೀಹಾರಿಕೆ. ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೆಯ ದೂರದರ್ಶಕಗಳಲ್ಲಿ ಗ್ರಹದ ಬಿಲ್ಲೆಯಂತೆ ಕಂಡದ್ದಕ್ಕೆ ಆ ಹೆಸರು. ಎರಡು ಗಾಳಿಗಳ ಈ ವಿವರಣೆ ಕೊಟ್ಟದ್ದು ಸನ್ ಕ್ವಾಕ್ ಮತ್ತು ಸಂಗಡಿಗರು, 1978ರಲ್ಲಿ.

ಶಾಕ್ ವೇವ್, ಮ್ಯಾಕ್ ನಂಬರ್ ಎಂದು ಪರೀಕ್ಷೆಯ ಹಿಂದಿನ ರಾತ್ರಿ ನಾವು ಉರು ಹೊಡೆಯುವುದೆಲ್ಲ ಇಲ್ಲಿ ಜೀವಂತ ಉಂಟು. ಮತ್ತೆ ಇದು ಬರೀ ನಾಸಾದವರ ಕಥೆಯೂ ಅಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕ ಉಂಟು. ಅದನ್ನು ಜೋಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಕ್ಯಾಂಪಸ್‌ನಲ್ಲಿ. ಅದೇ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಎನ್‌ಜಿಸಿ 40 ಹಾಗೂ ಚಿಟ್ಟೆಯಾಕಾರದ ಎನ್‌ಜಿಸಿ 6302 ಎಂಬ ಗ್ರಹ ನೀಹಾರಿಕೆಗಳನ್ನು ಅದರಲ್ಲಿ ನೋಡಿದರು. ಮಾಮೂಲಿ ಚಿತ್ರದಲ್ಲಿ ಮುಗಿದುಹೋದಂತೆ ಕಾಣುವ ಅಂಚಿನ ಆಚೆಗೂ ಅನಿಲ ಹರಡಿದ್ದು ಅವರಿಗೆ ದೂರ ನೇರಳಾತೀತದಲ್ಲಿ ಕಂಡಿತು. 2018ರಲ್ಲಿ ಅದು ಪ್ರಕಟವಾಯಿತು.

ಈಗ ವಿಷಯಕ್ಕೆ ಬರುವಾ. ಕೊನೇ ವರ್ಷದ ಪ್ರಾಜೆಕ್ಟ್ ಎಲ್ಲಿಂದ ಬರುತ್ತದೆ ಅಂತ ನಮಗೆಲ್ಲ ಗೊತ್ತುಂಟು. ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಕೈಗೆ. ವೈವಾದಲ್ಲಿ ಎರಡನೇ ಪ್ರಶ್ನೆಗೇ ಬೆವರು. ಅತ್ತ ಬೆಂಗಳೂರು ಬಳಿಯ ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರ, ಆಸ್ಟ್ರೋಸ್ಯಾಟ್‌ನ ಹಳೆಯ ದತ್ತಾಂಶವನ್ನು 2018ರಿಂದ ಯಾರಿಗೂ ಪುಕ್ಕಟೆ ಕೊಡುತ್ತಿದೆ.

"ಪ್ಲೇಸ್‌ಮೆಂಟಿಗೆ ಇದರಿಂದ ಏನು ಮಾರಾಯ?" ಅಂತ ಕೇಳಬಹುದು. ಚಿತ್ರದಿಂದ ನಾಯ್ಸ್ ತೆಗೆಯುವುದು ಇಸಿಯವರ ಕೆಲಸ, ಕೋಡ್ ಸಿಎಸ್‌ನವರದ್ದು, ಎರಡು ಗಾಳಿಗಳ ಸಿಮ್ಯುಲೇಶನ್ ಮೆಕ್ಯಾನಿಕಲ್‌ನವರದ್ದು. ಕಂಪೆನಿಯವರು ಕೇಳುವ ಸ್ಕಿಲ್ಲೂ ಇವೇ ಅಲ್ವಾ? ಸುಲಭ ಅಂತ ನಾವು ಹೇಳುವುದಿಲ್ಲ. ಗೈಡ್‌ಗಳಿಗೂ ಇದು ಹೊಸತು, ಮೊದಲ ತಿಂಗಳು ಫೈಲ್ ತೆರೆಯುವುದರಲ್ಲೇ ಹೋದೀತು. ಹೊಸ ಶೋಧ ಆಗದೆಯೂ ಇರಬಹುದು. ಆದರೆ ತಪ್ಪಿದರೂ ಎಲ್ಲಿ ತಪ್ಪಿತು ಅಂತ ನಮಗೇ ಗೊತ್ತಿರುತ್ತದೆ. ಕೊಂಡ ಪ್ರಾಜೆಕ್ಟಿನಲ್ಲಿ ಅದೂ ಸಿಗುವುದಿಲ್ಲ.

ಮೂರು ಬ್ರಾಂಚಿನಿಂದ ಒಬ್ಬೊಬ್ಬರು ಸಿಕ್ಕಿದರೆ ಈ ಸೆಮಿಸ್ಟರಲ್ಲೇ ಒಂದು ಚಿತ್ರದಿಂದ ಶುರು ಮಾಡುವಾ. ಮೊದಲ ಮೀಟಿಂಗ್ ಎರ್ಮಾಳ್ ಕಡಲ ಬದಿಯಲ್ಲೇ ಇಟ್ಟುಕೊಳ್ಳುವಾ. ಚುರುಮುರಿ ಕ್ಲಬ್ಬಿನ ಲೆಕ್ಕದಲ್ಲಿ.