ಸಾಕ್ಷ್ಯವೂ ಸಾಕ್ಷಾತ್ಕಾರವೂ

ದೇವರು ಕರೆದರೆ ಓಗೊಡುವ ಆಪ್ತನೆಂಬ ಕ್ರೈಸ್ತರ ನಂಬಿಕೆ ಸಿರಿಗೆರೆಯಂಥ ಊರಿನವನಿಗೆ ಅಪರಿಚಿತವೆನಿಸಲಾರದು. ಕರಸ್ಥಲದಲ್ಲಿಯೇ ಇಷ್ಟಲಿಂಗವನ್ನಿರಿಸಿಕೊಂಡು ಪೂಜಿಸಿದ, ಒಬ್ಬೊಬ್ಬ ಶರಣನೂ ತನ್ನ ದೈವವನ್ನು ಒಂದೊಂದು ಅಂಕಿತದಿಂದ ಸಂಬೋಧಿಸಿ, ಬೇಡಿ, ಕೊನೆಗೆ ಅದರೊಡನೆ ಜಗಳವನ್ನೂ ಆಡಿದ ಪರಂಪರೆ ಇಲ್ಲಿಯದು. 1950ರಲ್ಲಿ ಜಗಳೂರಿನಲ್ಲಿ ಮೊದಲಾಗಿ ಊರಿಂದೂರಿಗೆ ಸಾಗಿಬಂದ ತರಳಬಾಳು ಹುಣ್ಣಿಮೆಯ ಮಂಟಪದಲ್ಲಿ ವಚನಗಳನ್ನು ಕೇಳಿ ಬೆಳೆದವನಿಗೆ ದೈವವು ಆಪ್ತವಾಗಬಲ್ಲುದೆಂಬುದನ್ನು ಪಾದ್ರಿಯೊಬ್ಬನು ಬಂದು ಬೋಧಿಸಬೇಕಾದುದಿಲ್ಲ. ಅವನಿಗೆ ತೊಡಕಾಗುವ ಸಂಗತಿ ಬೇರೊಂದು. ಕ್ರೈಸ್ತನ ದೇವರು ಪೊಂತ್ಯ ಪಿಲಾತನ ಅಧಿಕಾರಕಾಲದಲ್ಲಿ ಯೆರೂಸಲೇಮಿನ ಹೊರವಲಯದಲ್ಲಿ ಶಿಲುಬೆಗೇರಿದ ಒಬ್ಬ ಮನುಷ್ಯನಲ್ಲಿ ತನ್ನನ್ನು ತೋರಿಕೊಂಡನೆಂದು ಆ ಧರ್ಮ ಸಾರುತ್ತದೆ. ಕಂಡವರು ಅಂದಿನವರು, ನಮ್ಮ ಪಾಲಿಗೆ ಉಳಿದಿರುವುದು ಅವರ ಸಾಕ್ಷ್ಯ. ಪರರ ಸಾಕ್ಷ್ಯವು ನನ್ನ ಸಾಕ್ಷಾತ್ಕಾರವಾಗುವುದೆಂತು?

ಕನ್ನಡನಾಡಿನಲ್ಲಿ ಈ ಪ್ರಶ್ನೆಯನ್ನು ಮನೆಮನೆಯ ಸಂಕಟವಾಗುವಷ್ಟು ತೀಕ್ಷ್ಣವಾಗಿ ಎತ್ತಿದವರಲ್ಲಿ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಪ್ರಮುಖರು. ಕ್ರೈಸ್ತಕುಲದಲ್ಲಿ ಹುಟ್ಟಿ, ಶೈಶವದಲ್ಲಿಯೇ ದೀಕ್ಷಾಸ್ನಾನ ಪಡೆದು, ಭಾನುವಾರ ತಪ್ಪದೆ ದೇವಾಲಯಕ್ಕೆ ಹೋದಮಾತ್ರಕ್ಕೆ ಯಾರೂ ದೇವರನ್ನರಿತವರಾಗುವುದಿಲ್ಲ, ಒಬ್ಬೊಬ್ಬನೂ ಸ್ವಂತ ಅಂತಃಕರಣದಿಂದ ಉತ್ತರ ಕೊಡಬೇಕು ಎಂಬುದು ಜರ್ಮನಿಯ ಭಕ್ತಿಪಂಥದ ಹಟ. 1675ರಲ್ಲಿ ಸ್ಪೇನರನ ಗ್ರಂಥದಿಂದ ಬಲಗೊಂಡ ಆ ಪಂಥವೇ ಈ ಮಿಶನ್ನಿನ ಬೇರು. ಆ ಮಿಶನ್ನಿನ ಬೋಧಕ ಮೋಗ್ಲಿಂಗನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಹರ್ಮನ್ ಎಂಬ ಹೆಸರನ್ನು ಧರಿಸಿ, ಮುಂದೆ ಬಾಸೆಲ್ಲಿಗೆ ಹೋಗಿ ಓದಿ, ಬೋಧಕನಾಗಿ ಹಿಂದಿರುಗಿದನು. ಜಾತಿಯನ್ನೂ ಬಂಧುಗಳನ್ನೂ ಏಕಕಾಲದಲ್ಲಿ ಕಳೆದುಕೊಂಡ ಅಂಥವನನ್ನು ಪಾಠ ಕೇಳಿ ಮರುಳಾದವನೆಂದು ತಳ್ಳಿಹಾಕುವುದು ಸುಲಭ. ಆದರೆ ಕೇಳಿದ ಪಾಠಕ್ಕಾಗಿ ಯಾರೂ ಅಷ್ಟು ತೆರುವುದಿಲ್ಲವೆಂದೂ, ಕೇಳಿದ್ದು ಎಲ್ಲಿಯೋ ಅವನದೇ ಆಗಿದ್ದಿರಬೇಕೆಂದೂ ನನ್ನ ಊಹೆ. 1853ರಲ್ಲಿ ಬಂದ ಕಿಟ್ಟೆಲನು 1862ರ ತನ್ನ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದುದೂ ದೂರದೇಶದ ಸಾಕ್ಷ್ಯವನ್ನು ಈ ನಾಡಿನ ಕಿವಿಗೆ ಒಗ್ಗಿಸುವುದಕ್ಕೇ ಅಲ್ಲವೆ? (ಅವನ ನಿಘಂಟಿನ ನೆರಳಿನಲ್ಲಿ ಆ ಪುಸ್ತಕವನ್ನು ನಾವು ಮರೆತೇಬಿಟ್ಟಿದ್ದೇವೆ.)

ಸಾಕ್ಷ್ಯವೆಂದೊಡನೆ ಅದನ್ನು ಅನುಭವಕ್ಕಿಂತ ಕೀಳೆಂದು ಬಗೆಯುವ ಅಭ್ಯಾಸ ನಮ್ಮದು. ತಾನು ಹುಟ್ಟುವ ಮೊದಲೇ ತೀರಿಕೊಂಡ ತಂದೆಯನ್ನು ಮಗನು ತಾಯಿಯ ಮಾತಿನಿಂದ, ನೆರೆಯವರ ನೆನಪಿನಿಂದ ಅರಿಯುತ್ತಾನೆ. ವಯಸ್ಸಾಗುತ್ತ ತನ್ನ ನಡೆಯಲ್ಲಿ, ಸಿಟ್ಟಿನಲ್ಲಿ ಆತನನ್ನೇ ಗುರುತಿಸತೊಡಗಿದಾಗ ಕೇಳಿದುದು ಯಾವುದು, ಕಂಡುದು ಯಾವುದು ಎಂದು ಬೇರ್ಪಡಿಸುವುದು ಅವನಿಂದಾಗದು. ಉಪಮೆ ಇಲ್ಲಿಗೇ ನಿಲ್ಲುತ್ತದೆ. ಆ ಮಗನು ತಂದೆಯೊಡನೆ ಮಾತನಾಡಲಾರ, ಕ್ರೈಸ್ತನೋ ಪ್ರಾರ್ಥನೆಯಲ್ಲಿ ಮಾತನಾಡುತ್ತೇನೆಂದು ಹೇಳುತ್ತಾನೆ. ಆದರೆ ಸಾಕ್ಷ್ಯಕ್ಕೆ ಇನ್ನೊಂದು ಉಪಕಾರವುಂಟು. ಕೇವಲ ಅಂತರಂಗದಲ್ಲಿ ಕಂಡ ದೇವರು ಕಂಡವನ ಇಚ್ಛೆಗೆ ತಕ್ಕಂತೆ ಮೆಲ್ಲಮೆಲ್ಲನೆ ರೂಪಾಂತರ ಹೊಂದಿ, ಅವನ ದ್ವೇಷವನ್ನೂ ಲೋಭವನ್ನೂ ಅನುಮೋದಿಸುವ ಪ್ರತಿಧ್ವನಿಯಾಗಿಬಿಡಬಹುದು. ನಾಲ್ಕು ಸುವಾರ್ತೆಗಳಲ್ಲಿ ನಡೆದಾಡಿದ, ಶತ್ರುವನ್ನು ಕ್ಷಮಿಸೆಂದು ಹೇಳಿದ ಯೇಸುವನ್ನು ಹಾಗೆ ಬಾಗಿಸುವುದು ಅಷ್ಟು ಸುಲಭವಲ್ಲ. ನನ್ನನ್ನು ಅಲ್ಲಗಳೆಯಲಾರದವನು ನನಗೆ ಆಪ್ತನೂ ಆಗಲಾರನು.

ಭಾವದ ವಿಚಾರದಲ್ಲಿ ಮಾತ್ರ ಭಕ್ತಿಪಂಥದವರೊಡನೆ ನನಗೆ ವಿರಸವಿದೆ. ಹೃದಯವು ಬೆಚ್ಚಗಾದ ಗಳಿಗೆಯನ್ನು ದಿನ, ವಾರ ಸಹಿತ ಹೇಳಬಲ್ಲವನೇ ದೇವರನ್ನರಿತವನೆಂಬ ಪರೀಕ್ಷೆ ಎಷ್ಟೋ ಪ್ರಾಮಾಣಿಕರನ್ನು ಹೊರಗಿಟ್ಟು, ನಟನಾಚತುರರನ್ನು ಒಳಗೆ ಬಿಟ್ಟುಕೊಂಡಿದೆ. 1738ರ ಮೇ 24ರಂದು ಲಂಡನ್ನಿನ ಸಭೆಯೊಂದರಲ್ಲಿ ಅಂಥ ಅನುಭವವನ್ನು ಪಡೆದ ಜಾನ್ ವೆಸ್ಲಿಯ ಹೆಸರನ್ನು ಎಲ್ಲರೂ ಎತ್ತುತ್ತಾರೆ. ಅದೇ ವೆಸ್ಲಿ 1766ರಲ್ಲಿ ತಮ್ಮನಿಗೆ ಬರೆದ ಪತ್ರವೊಂದರಲ್ಲಿ, ತಾನು ದೇವರನ್ನು ಪ್ರೀತಿಸಿದ್ದೇ ಇಲ್ಲವೆಂದು ತೋಡಿಕೊಂಡುದನ್ನು ನೆನೆಯುವವರು ವಿರಳ. ಆ ಶುಷ್ಕತೆಯ ನಡುವೆಯೂ ಅವನು ಊರೂರು ತಿರುಗಿ ಬೋಧಿಸುವುದನ್ನು ಬಿಡಲಿಲ್ಲ. ಭಾವವು ಬತ್ತಿದ ದಿನವೂ ಸಂಬಂಧ ನಿಂತಿದ್ದರೆ ಅದನ್ನು ಹೊತ್ತಿರುವುದು ಭಾವವಲ್ಲದ ಬೇರೇನೋ ಆಗಿರಬೇಕಷ್ಟೆ. ಅವನು ತನ್ನವರನ್ನು ಚಿಕ್ಕ ಗುಂಪುಗಳಾಗಿ ವಾರಕ್ಕೊಮ್ಮೆ ಕೂಡಿಸಿ ಪರಸ್ಪರ ನಡೆಯನ್ನು ವಿಚಾರಿಸುವ ಏರ್ಪಾಡು ಮಾಡಿದುದರಲ್ಲಿ, ಒಂಟಿಯ ಅನುಭವವನ್ನು ಗೋಷ್ಠಿಯ ಮುಂದಿಟ್ಟು ಒರೆಹಚ್ಚಿದ ಶರಣರ ವಿವೇಕವನ್ನೇ ನಾನು ಕಾಣುತ್ತೇನೆ.

ಈ ಧರ್ಮದ ಮೂಲಗ್ರಂಥವೇ ಪ್ರಶ್ನೆಯನ್ನು ತಲೆಕೆಳಗು ಮಾಡಿರುವುದು ಸೋಜಿಗ. ಗಲಾತ್ಯದವರಿಗೆ ಬರೆಯುತ್ತ ಪೌಲನು, ನೀವು ದೇವರನ್ನು ಅರಿತಿದ್ದೀರಿ ಎಂಬರ್ಥದ ಮಾತನ್ನು ಅರ್ಧಕ್ಕೇ ತಡೆದು, ದೇವರೇ ನಿಮ್ಮನ್ನು ಅರಿತಿದ್ದಾನೆ ಎಂದು ತಿದ್ದಿಕೊಳ್ಳುತ್ತಾನೆ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯತೀರ್ಪಿನಲ್ಲಂತೂ ಹಸಿದವನಿಗೆ ಉಣಬಡಿಸಿದವರು, ಸೆರೆಯಲ್ಲಿದ್ದವನನ್ನು ನೋಡಿ ಬಂದವರು, ತಾವು ಉಪಚರಿಸಿದುದು ಯಾರನ್ನೆಂಬುದನ್ನು ತಿಳಿಯದೆಯೇ ಇದ್ದವರು. ಇವರು ಕ್ರಿಸ್ತನನ್ನು ಅರಿತಿದ್ದರೆ, ಇಲ್ಲವೆ? ಹೆಸರು ಹಿಡಿದು ನಂಬದೆ ಅರಿವಿಲ್ಲವೆನ್ನುವ ದೈವಶಾಸ್ತ್ರಜ್ಞರು ಬಹುಮಂದಿ ಇದ್ದಾರೆ; ಆ ಅಧ್ಯಾಯದ ಅರಸನು ಅವರ ಪಕ್ಷದಲ್ಲಿದ್ದಂತೆ ನನಗೆ ಕಾಣುವುದಿಲ್ಲ.