ಬಿಳಿಯ ಮೇಲೆ ಬಿಳಿ

ಜ್ಯಾಮಿತಿಯ ಅಮೂರ್ತ ಚಿತ್ರವೊಂದು ಮೊಬೈಲ್ ಪರದೆಗೆ ಬಂದರೆ ಸಾಕು, ‘ಇಷ್ಟನ್ನು ನಮ್ಮನೆ ಮಗುವೂ ಬಿಡಿಸುತ್ತೆ’ ಎಂಬ ಮಾತು ಬೆನ್ನಿಗೇ ಬರುತ್ತದೆ. ಈ ವಾರ ಬಂದದ್ದು ಚಿತ್ರಕಾರ ಕಜಿಮಿರ್ ಮಲೇವಿಚ್ 1918ರಲ್ಲಿ ಬರೆದ ‘ಬಿಳಿಯ ಮೇಲೆ ಬಿಳಿ’ಯ ಬಗ್ಗೆ. ಪರದೆಯಲ್ಲಷ್ಟೇ ನೋಡಿದವರನ್ನು ದೂರುವಂತಿಲ್ಲ, ಅಲ್ಲಿ ಆ ಚಿತ್ರ ಅರ್ಧಕ್ಕರ್ಧ ಅಳಿಸಿಹೋಗಿರುತ್ತದೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ, ಸುಮಾರು 79 ಸೆಂಟಿಮೀಟರ್ ಉದ್ದಗಲದ ಆ ಕ್ಯಾನ್ವಾಸಿನಲ್ಲಿ ಬಿಳಿ ಒಂದಲ್ಲ, ಎರಡು: ಹಿನ್ನೆಲೆಯದು ಬೆಚ್ಚಗಿನ ಕೆನೆಬಿಳಿ, ಬಲಮೇಲಕ್ಕೆ ಸರಿದು ಓರೆಯಾಗಿ ನಿಂತ ಚೌಕದ್ದು ತುಸು ನೀಲಿ ಬೆರೆತ ತಣ್ಣನೆಯ ಬಿಳಿ. ಕುಂಚದ ಗೀರುಗಳು ಎದ್ದು ಕಾಣುತ್ತವೆ. ಚೌಕದ ಅಂಚು ಕೈಯಲ್ಲಿ ಎಳೆದದ್ದು, ಅಲ್ಲಲ್ಲಿ ಅಳುಕುತ್ತದೆ. ಅವರದೇ 1915ರ ‘ಕಪ್ಪು ಚೌಕ’ದಲ್ಲಿ ಕಪ್ಪು-ಬಿಳುಪಿನ ವೈರುಧ್ಯವೇ ಅರ್ಧ ಕೆಲಸ ಮಾಡಿಕೊಡುತ್ತದೆ, ಇಲ್ಲಿ ಮಲೇವಿಚ್ ಆ ಆಸರೆಯನ್ನೂ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ಉಳಿದ ಒಂದೊಂದು ತೀರ್ಮಾನದ ಮೇಲೂ ಇಡೀ ಚಿತ್ರದ ಭಾರ. ಇಂಥ ಕೃತಿಯಲ್ಲಿ ಐಡಿಯಾ ಮುಖ್ಯ, ಕೈಚಳಕ ನೆಪಮಾತ್ರ ಎನ್ನುವವರಿದ್ದಾರೆ. ಹಾಗಿದ್ದರೆ ಯಾವ ಎರಡು ಬಿಳಿಯಾದರೂ ನಡೆಯಬೇಕಿತ್ತು. ಎರಡನ್ನೂ ಒಂದೇ ಬಿಳಿ ಮಾಡಿ, ಚೌಕ ಮಾಯ. ಓರೆಯನ್ನು ನೆಟ್ಟಗಾಗಿಸಿ, ತೇಲುತ್ತಿದ್ದ ಚೌಕ ಕಿಟಕಿ ಚೌಕಟ್ಟಾಗಿ ಬಿಗಿದುಕೊಳ್ಳುತ್ತದೆ. ಮಗುವಿಗೆ ಚೌಕ ಬರೆಯಲು ಬರುತ್ತದೆ, ನಿಜ. ಇಷ್ಟೇ ಓರೆ ಸಾಕು, ಇಷ್ಟೇ ನೀಲಿ ಸಾಕು ಎಂದು ನಿಲ್ಲಿಸಲು ವರ್ಷಗಟ್ಟಲೆ ಪಳಗಿದ ಕಣ್ಣೇ ಬೇಕು. ಎರಡು ಗೆರೆ ಎಳೆದು ಕೈಬಿಟ್ಟ ಬರಿದಾದ ಚಿತ್ರಗಳೂ ಬೇಕಾದಷ್ಟಿವೆ, ಅವನ್ನು ಸಮರ್ಥಿಸುವ ಅಗತ್ಯ ನನಗೆ ಕಂಡಿಲ್ಲ: ಅವುಗಳಲ್ಲಿ ಒಂದು ಗೆರೆಯನ್ನು ಬೆರಳಗಲ ಸರಿಸಿದರೂ ಏನೂ ಕೆಡುವುದಿಲ್ಲ.